ಅರಿವೆ ಚೀಲದ ಖಡಕ್ ರೊಟ್ಟಿ

ಪ್ಲಾಸ್ಟಿಕ್ ಚೀಲ ಬಿಟ್ಟರೆ ಪರಿಸರ ಉಳಿಯುತ್ತದೆ ಎನ್ನುವವರು ಮೊದಲು ಶ್ರಾವಣ ಮಾಸದಲ್ಲಿ ಖಡಕ್ ರೊಟ್ಟಿ ಮಾಡಿ ಮಾರಿ ನೋಡಲಿ. ಆಮೇಲೆ ನನ್ನ ಹತ್ತಿರ ಮಾತಾಡಲಿ. ನಾನು ಹುಬ್ಬಳ್ಳಿಯ ಒಂದು ಹಳೆಯ ಓಣಿಯಲ್ಲಿ ರೊಟ್ಟಿ ಬಡಿದು ಬಡಿದು ಮುದುಕಿಯಾದವಳು. ಸಾಲಿ ಕಲಿತದ್ದು ಅಕ್ಷರ ಕೂಡಿಸಿ ಓದುವಷ್ಟು. ಪರಿಸರ ಎಂಬ ಮಾತು ನಮ್ಮ ಮನೆಗೆ ಬಂದದ್ದು ಸೊಸೆಯಿಂದ. ಬಂದ ದಿನದಿಂದ ಜಗಳ.

ಮೊದಲು ನಮ್ಮ ಕಟ್ಟೆಯ ವಿಷಯ ಹೇಳುತ್ತೇನೆ, ಏಕೆಂದರೆ ಜಗಳ ಖರೇ ಅಂದರೆ ಅದರದ್ದೇ. ಮನೆಯ ಮುಂದೆ ಒಂದು ಕಲ್ಲಿನ ಕಟ್ಟೆ ಇದೆ. ಅದರ ಮೇಲೆ ಯಾವಳು ಕೂರುತ್ತಾಳೋ ಮನೆಗೆ ಅವಳೇ ಯಜಮಾನಿ. ಗಿರಾಕಿಯ ಜೊತೆ ಮಾತಾಡುವವಳು ಅವಳು, ಯಾರಿಗೆ ರೊಟ್ಟಿ ಉಂಟು ಯಾರಿಗೆ ಇಲ್ಲ ಎನ್ನುವವಳು ಅವಳು, ಗಾಳಿ ತಿನ್ನುವವಳೂ ಅವಳೇ. ಇನ್ನೊಬ್ಬಳು ಒಳಗೆ, ಒಲೆಯ ಮುಂದೆ, ಹೊಗೆಯಲ್ಲಿ. ನನ್ನ ಅತ್ತೆ ಕಾಲು ಸೋತು ಹಾಸಿಗೆ ಹಿಡಿಯುವ ತನಕ ಹೊಗೆ ನನ್ನ ಪಾಲಿಗಿತ್ತು. ಅವಳನ್ನು ಒಳಕೋಣೆಯಲ್ಲಿ ಮಲಗಿಸಿ, ಕೈ ತೊಳೆದುಕೊಂಡು, ಅದೇ ಮಧ್ಯಾಹ್ನ ಬಂದು ಕಟ್ಟೆಯ ಮೇಲೆ ಕೂತೆ. ಒಳಗಿನಿಂದ ಅತ್ತೆ ಕೂಗುತ್ತಿದ್ದಳು. ಓಣಿಗೆಲ್ಲ ಕೇಳಿಸಿತು. ನನಗೆ ಮಾತ್ರ ಕೇಳಿಸಲಿಲ್ಲ.

ಸೊಸೆ ಬಂದ ಮೇಲೆ ಒಲೆ ಅವಳದಾಯಿತು. ಅವಳು ರೊಟ್ಟಿಯನ್ನು ನನಗಿಂತ ತೆಳ್ಳಗೆ ಬಡಿಯುತ್ತಾಳೆ. ಅದನ್ನು ಅವಳ ಎದುರು ಎಂದೂ ಹೇಳಿಲ್ಲ.

ಖಡಕ್ ರೊಟ್ಟಿಗೆ ಗಾಳಿ ವೈರಿ. ಬೇಸಿಗೆಯಲ್ಲಿ ಬುಟ್ಟಿಯಲ್ಲಿಟ್ಟು ಮರೆತರೂ ಟಕ್ಕೆಂದು ಮುರಿಯುತ್ತದೆ. ಮಳೆ ಹಿಡಿಯಿತೋ, ಒಂದು ಹೊತ್ತು ತೆರೆದಿಟ್ಟರೆ ಸಾಕು, ಹಳೆ ಚಪ್ಪಲಿಯ ಹಾಗೆ ಬಾಗುತ್ತದೆ. ಅದಕ್ಕೇ ಪ್ಲಾಸ್ಟಿಕ್ ಚೀಲ. ಚೀಲದ ಬಾಯಿಯನ್ನು ಗರಗಸದ ಹಳೆ ಬ್ಲೇಡಿನ ಮೇಲೆ ಮಡಚಿ ಮೇಣದಬತ್ತಿಯ ಉರಿಯ ಅಂಚಿಗೆ ಎಳೆದರೆ ಬಾಯಿ ಅಂಟಿಕೊಂಡುಬಿಡುತ್ತದೆ. ಆ ಕೆಲಸ ಕಟ್ಟೆಯ ಮೇಲೆ ಕೂತವಳದು, ಅಂದರೆ ನನ್ನದು. ನನ್ನ ಕೈ ಸ್ವಲ್ಪ ಸೊಟ್ಟ. ನಾನು ಸುಟ್ಟ ಅಂಚು ವಾರೆಯಾಗಿರುತ್ತದೆ, ಮೂಲೆಯಲ್ಲಿ ಕರಿ ಕಲೆ ಉಳಿಯುತ್ತದೆ. ರೊಟ್ಟಿ ಮಾತ್ರ ಹಬ್ಬ ಮುಗಿಯುವ ತನಕ ಗಟ್ಟಿ.

ಒಂದು ಮಳೆಗಾಲದಲ್ಲಿ ಮನೆ ಮುಂದಿನ ಗಟಾರ ಕಟ್ಟಿಕೊಂಡು ನೀರು ಒಳಗೆ ನುಗ್ಗಿತು. ಜೋಳದ ಹಿಟ್ಟಿನ ಚೀಲಗಳು ನೆಲದ ಮೇಲಿದ್ದವು. ಎಲ್ಲ ಅಂಬಲಿಯಾಯಿತು. ಮಗ ಕಬ್ಬಿಣದ ಸಲಾಕೆ ಹಾಕಿ ಗಟಾರ ಕೆದಕಿದರೆ ಹೊರಗೆ ಬಂದದ್ದೆಲ್ಲ ಚೀಲಗಳೇ. ಸೊಸೆ ಸೀರೆ ಎತ್ತಿ ಕಟ್ಟಿ ಆ ಹೊಲಸಿನಲ್ಲಿ ನಿಂತಿದ್ದಳು. ಒಂದು ಚೀಲವನ್ನು ಎರಡು ಬೆರಳಲ್ಲಿ ಹಿಡಿದು ನನ್ನ ಮುಖದ ಮುಂದೆ ತಂದಳು.

"ಅತ್ತಿ, ಇದು ಯಾರದು ಹೇಳ್ರಿ?"

"ಗಟಾರದಾಗಿಂದು ಗಟಾರದ್ದ."

"ಛಲೋತ್ನಂಗ ನೋಡ್ರಿ. ಅಂಚು ಸೊಟ್ಟ, ಮೂಲ್ಯಾಗ ಕರಿ. ಊರಾಗ ಇಷ್ಟ ಸೊಟ್ಟ ಮತ್ಯಾರ ಸುಡತಾರ?"

"ತಿಂದಾವ್ರು ಒಗದಾರ. ನಾ ರೊಟ್ಟಿ ಮಾರ್ತೇನಿ. ಅವರ ಕೈ ಹಿಡಕೊಂಡ ಕಸದ ಡಬ್ಬಿ ಮಟಾ ಹೋಗ್ಲೇನ?"

"ಹೋಗಬ್ಯಾಡ್ರಿ. ನಿಮ್ಮ ಚೀಲಾನ ನಿಮ್ಮನ್ನ ಹುಡಿಕ್ಕೊಂಡ ಬಂದೈತಿ. ಆರತಿ ಮಾಡಿ ಒಳಗ ಕರಕೊಳ್ರಿ."

ಮಗ ನಕ್ಕ. ನಾನು ಅವನ ಊಟದ ತಾಟು ಎತ್ತಿ ಒಳಗಿಟ್ಟೆ. ಅವತ್ತು ಅವನು ಉಪವಾಸ ಮಲಗಿದ.

ಮುಂದಿನ ಪಂಚಮಿ ಹತ್ತಿರವಾದಾಗ ಧಾರವಾಡದಿಂದ ಒಬ್ಬರು ಬಾಯಾರು, ಅಂದರೆ ದೊಡ್ಡ ಮನೆಯ ಹೆಂಗಸು, ಬಂದರು. ಯಾವುದೋ ಮಹಿಳಾ ಸಂಘದ ಅಧ್ಯಕ್ಷೆ. ನಮ್ಮ ಕಡೆ ನಾಗಪಂಚಮಿ ಶುರುವಾಗುವುದೇ ರೊಟ್ಟಿಯಿಂದ. ಖಡಕ್ ರೊಟ್ಟಿ, ಕಾಳು ಪಲ್ಯ, ಚಟ್ನಿ ಪುಡಿ ಮನೆಯಿಂದ ಮನೆಗೆ ಹಂಚುತ್ತಾರೆ. ಮನೆಯಲ್ಲಿ ಬಡಿಯಲು ಬಾರದವರು ನಮ್ಮಂಥವರ ಹತ್ತಿರ ಬರುತ್ತಾರೆ. ಸಂಘದ ಹೆಂಗಸರಿಗೆಲ್ಲ ಹಂಚಲು ಈ ಬಾಯಾರಿಗೆ ರೊಟ್ಟಿ ಬೇಕಿತ್ತು.

"ಅಜ್ಜಿ, ಒಂದ ಮಾತು. ಪ್ಲಾಸ್ಟಿಕ್ ಒಂದೂ ಇರಬಾರದು. ನಮ್ಮ ಸಂಘದಾಗ ಪ್ಲಾಸ್ಟಿಕ್ ಬಿಟ್ಟೇವಿ."

ನಾನು ಅವರ ಕಾರಿನ ಕಡೆ ನೋಡಿದೆ. ಸೀಟಿಗೆ ಇನ್ನೂ ಅಂಗಡಿಯಿಂದ ಬಂದ ಪ್ಲಾಸ್ಟಿಕ್ ಹೊದಿಕೆ ಹಾಗೇ ಇತ್ತು.

"ಸೀಟಿಂದ ಬಿಟ್ಟಿಲ್ಲೇನ್ರಿ ಬಾಯಾರ?"

"ಅದು ಕಾರಿನ ಜೋಡಿನ ಬಂದದ್ದರಿ ಅಜ್ಜಿ," ಎಂದರು. ನಗುವಾಗಲೂ ಹಲ್ಲು ಕಾಣಿಸುವುದಿಲ್ಲ ಆ ಜನಕ್ಕೆ.

ಅಷ್ಟರಲ್ಲಿ ಸೊಸೆ ಒಳಗಿನಿಂದ ಹಿಟ್ಟಿನ ಕೈಯಲ್ಲೇ ಬಂದು, "ಅರಿವಿ ಚೀಲದಾಗ ಕೊಡ್ತೇವ್ರಿ ಮೇಡಂ, ನಾನ ಹೊಲಿತೇನಿ," ಎಂದುಬಿಟ್ಟಳು. ಕಟ್ಟೆಯ ಮೇಲೆ ಕೂತವಳನ್ನು ಕೇಳಲಿಲ್ಲ. ಬಾಯಾರು ಹೋದ ಮೇಲೆ ನಾನು ಅವಳ ಜಡೆಗೆ ಕೈ ಹಾಕುವುದೊಂದು ಬಾಕಿ.

"ಮಳ್ಳಿ, ಶ್ರಾವಣದಾಗ ಅರಿವ್ಯಾಗ ಕಟ್ಟಿದ್ರ ರೊಟ್ಟಿ ಮೆತ್ತಗಾಗತಾವ."

"ನಿಮ್ಮ ಅವ್ವ ಅರಿವ್ಯಾಗ ಕಟ್ಟತಿದ್ಲು, ತಿಂಗಳಗಟ್ಲೆ ಖಡಕ್ ಇರತಿದ್ವು ಅಂತ ನೀವ ಹೇಳೀರಿ. ಒಂದ ಸಲ ಅಲ್ಲ, ಕಿವಿ ಹರಿಯೂಮಟಾ ಹೇಳೀರಿ."

ಅದು ನಿಜವೇ. ನಮ್ಮ ಅವ್ವ ಬಿಳಿ ಅರಿವೆಯಲ್ಲೇ ಕಟ್ಟುತ್ತಿದ್ದಳು. ನನ್ನ ಮಾತನ್ನೇ ನನಗೆ ತಿರುಗಿಸಿದರೆ ಸಿಟ್ಟು ಬರುತ್ತದೆ. ಮಗನನ್ನು ಕರೆದು ಅವನ ಎದುರೇ ಹೇಳಿದೆ:

"ಈ ಪಂಚಮಿ ಕೆಲಸ ಆಕಿನ ಮಾಡ್ಲಿ. ನಾ ಕೈ ಹಚ್ಚಂಗಿಲ್ಲ. ಯಾರೂ ಹೆಸರ ಇಡಲಿಲ್ಲಂದ್ರ ಕಟ್ಟಿ ಆಕೀದು. ರೊಟ್ಟಿ ಹೊಳ್ಳಿ ಬಂದ್ವಂದ್ರ, ನಾ ಸಾಯೂಮಟಾ ಕಟ್ಟಿ ಹೆಸರ ಆಕಿ ಬಾಯಾಗ ಬರಬಾರದು."

"ಆತು," ಎಂದಳು ಸೊಸೆ. ಮಗ, "ಯಾಕಬೇ ಅವ್ವಾ ಇದೆಲ್ಲಾ," ಎಂದ. ಅವನ ಮಾತಿಗೆ ನಮ್ಮಿಬ್ಬರಲ್ಲಿ ಯಾರೂ ತಲೆ ಎತ್ತಲಿಲ್ಲ. ಅವಳು ಸೋಲುತ್ತಾಳೆ ಎಂದು ನನಗೆ ಖಾತ್ರಿ ಇತ್ತು. ಇಲ್ಲದಿದ್ದರೆ ಕಟ್ಟೆಯನ್ನು ಪಣಕ್ಕೆ ಇಡುವಷ್ಟು ಹುಚ್ಚಿ ನಾನಲ್ಲ.

ಸೊಸೆ ಹಗಲೆಲ್ಲ ರೊಟ್ಟಿ ಬಡಿದಳು, ಸಂಜೆ ಚೀಲ ಹೊಲಿದಳು. ದಪ್ಪ ಬಿಳಿ ಅರಿವೆ, ಬಾಯಿಗೆ ಕೆಂಪು ಲಾಡಿ, ಚೀಲದ ಮೇಲೆ ಎಳ್ಳಿನ ಹೂವಿನ ಕಸೂತಿ. ಕಣ್ಣು ಹೊಗೆಗೆ ಊದಿದ್ದವು. ಓಣಿಯ ಹೆಂಗಸರು ಬಂದು ಚೀಲ ನೋಡಿ ಹೊಗಳಿ ಹೋದರು. ಯಾರೂ ರೊಟ್ಟಿ ನೋಡಲಿಲ್ಲ. ಮಗ ಟೆಂಪೋದಲ್ಲಿ ಎಲ್ಲ ಹೇರಿಕೊಂಡು ಧಾರವಾಡಕ್ಕೆ ಮುಟ್ಟಿಸಿ ಬಂದ. ಅವತ್ತೇ ಜಿಟಿಜಿಟಿ ಮಳೆ ಹಿಡಿಯಿತು. ನಾನು ಕಟ್ಟೆಯ ಮೇಲೆ ಕೂತು ಆಕಾಶ ನೋಡಿದೆ. ಮಳೆಗೆ ಕೈ ಮುಗಿಯಲಿಲ್ಲ, ಅಷ್ಟೇ.

ಹಬ್ಬಕ್ಕೆ ಮೊದಲೇ ಸೊಸೆಗೆ ಫೋನ್ ಬಂತು. ಸ್ಪೀಕರ್ ಹಾಕು ಎಂದೆ. ಹಾಕಿದಳು.

"ತಪ್ಪ ತಿಳ್ಕೋಬ್ಯಾಡ್ರಿ ಮತ್ತ," ಎಂದರು ಆ ಬಾಯಾರು, ತುಪ್ಪದಲ್ಲಿ ಅದ್ದಿದ ದನಿಯಲ್ಲಿ. "ರುಚಿ ಭಾಳ ಛಲೋ ಅದ. ಆದ್ರ ಮುರೀಲಿಕ್ಕೆ ಒಲ್ಲವು, ಮಡಚಲಿಕತ್ತಾವ. ನಮ್ಮವರೊಬ್ರು ಕೇಳಿದ್ರು, ಇದನ್ನ ಉಣ್ಣೋದೋ ಮೆಟ್ಟೋದೋ ಅಂತ. ನಾ ಅಂದಿದ್ದಲ್ರಿ, ಅವರು."

"ಅರಿವಿ ಚೀಲ ನೀವ ಹೇಳಿದ್ರಲ್ರಿ ಮೇಡಂ."

"ಚೀಲ ಹೇಳಿದ್ದು ಖರೇ. ಮೆತ್ತನ್ನ ರೊಟ್ಟಿ ಹೇಳಿದ್ದಿಲ್ಲಲ್ರಿ. ಚೀಲ ಇಟಗೋತೀವಿ, ಭಾಳ ಚಂದ ಅವ. ರೊಟ್ಟಿ ಒಯ್ಯಲಿಕ್ಕೆ ಯಾರನ್ನಾರ ಕಳಸ್ರಿ."

ಮಗ ಹೋಗಿ ತಂದ. ತಂದದ್ದನ್ನು ನಡುಮನೆಯಲ್ಲಿ ಸುರಿದ. ನಾನು ನೋಡಿದೆ, ಸೊಸೆ ನೋಡಿದಳು. ಕಸೂತಿಯ ಚೀಲ ಒಂದೂ ಇರಲಿಲ್ಲ. ಪ್ಲಾಸ್ಟಿಕ್ ಬಿಟ್ಟ ಆ ಹೆಂಗಸರು ನಮ್ಮ ರೊಟ್ಟಿಗಳನ್ನು ಪ್ಲಾಸ್ಟಿಕ್ ಕ್ಯಾರಿಬ್ಯಾಗುಗಳಲ್ಲಿ ತುಂಬಿ, ಬಾಯಿ ಗಂಟು ಹಾಕಿ ಕಳಿಸಿದ್ದರು. ಸೀರೆ ಅಂಗಡಿಯದು, ಔಷಧದ ಅಂಗಡಿಯದು, ಬೇಕರಿಯದು, ಎಲ್ಲ ಬಣ್ಣದವು.

ಆಗ ನಾನು ನಕ್ಕಷ್ಟು ಜನ್ಮದಲ್ಲಿ ನಕ್ಕಿಲ್ಲ. ಪಕ್ಕದ ಮನೆಯವರು ಏನಾಯಿತು ಎಂದು ಓಡಿ ಬಂದರು. ಅವರನ್ನೂ ಕೂರಿಸಿ ತೋರಿಸಿದೆ. ಒಂದು ರೊಟ್ಟಿಯನ್ನು ಸುರುಳಿ ಸುತ್ತಿ ಸೊಸೆಯ ಕೈಗೆ ಕೊಟ್ಟೆ.

"ತಗೋ, ಪರಿಸರ. ಉಣ್ಣು."

ಅವಳು ಎಲ್ಲರ ಎದುರು ಒಂದು ತುಂಡು ಹರಿದು ಬಾಯಿಗೆ ಹಾಕಿಕೊಂಡಳು. ಅಗಿದಳು, ನುಂಗಿದಳು. ಅಳಲಿಲ್ಲ. ಅತ್ತಿದ್ದರೆ ನಾನು ಅಲ್ಲಿಗೇ ಬಿಡುತ್ತಿದ್ದೆನೋ ಏನೋ. ಅಳಲಿಲ್ಲವೆಂದು ಇನ್ನೂ ನಾಲ್ಕು ಮಾತು ಅಂದೆ.

ಬೂಷ್ಟು ಹಿಡಿದವನ್ನು ಎಮ್ಮೆಗೆ ಹಾಕಲೂ ಪಕ್ಕದವರು ಒಪ್ಪಲಿಲ್ಲ, ತಿಪ್ಪೆಗೆ ಹೋದವು. ಉಳಿದವನ್ನು ಅವಳು ಮತ್ತೆ ಹಂಚಿನ ಮೇಲೆ ಹಾಕಿ, ಒಲೆಯ ಬದಿಗೆ ನಿಲ್ಲಿಸಿ, ಒಂದೊಂದನ್ನೇ ಖಡಕ್ ಮಾಡಿದಳು. ಮಳೆಗಾಲಕ್ಕೆಂದು ಒಟ್ಟಿದ್ದ ಕಟ್ಟಿಗೆ ಅದಕ್ಕೇ ಮುಗಿಯಿತು. ನಾನು ಬಾಗಿಲಲ್ಲಿ ನಿಂತು ಹೇಳಿದೆ:

"ಹಿಡಿಯಷ್ಟ ಪ್ಲಾಸ್ಟಿಕ್ ಉಳಸಾಕ ಒಂದ ಗಿಡಾನ ಸುಟ್ಟಿ. ಜ್ವಾಳ ತಿಪ್ಪಿಗೆ ಹಾಕ್ದಿ. ಅದನ್ನ ಬೆಳದಾವ, ಬೀಸಿದಾವ, ಬಡದಾಕಿ ಎಲ್ಲಾರ ಬೆವರೂ ತಿಪ್ಪಿಗೇ. ನಿನ್ನ ಪರಿಸರಕ್ಕ ಹೊಟ್ಟಿ ತುಂಬಿತೇನ?"

ಅವಳು ಇನ್ನೊಂದು ರೊಟ್ಟಿ ಹಂಚಿಗೆ ಹಾಕಿದಳು. ಆ ಹೊಗೆ ನೋಡುತ್ತ ನಿಂತಾಗಲೇ ನನಗೆ ಅವ್ವನ ಅಡುಗೆಮನೆ ನೆನಪಾದದ್ದು. ಅವ್ವ ಅರಿವೆಯಲ್ಲಿ ಕಟ್ಟುತ್ತಿದ್ದಳು, ಹೌದು. ಕಟ್ಟಿ, ಒಲೆಯ ಮೇಲಿನ ನೆಲುವಿಗೆ ತೂಗು ಹಾಕುತ್ತಿದ್ದಳು. ಮುಂಜಾನೆಯಿಂದ ಸಂಜೆ ತನಕ ಬಿಸಿ ಹೊಗೆ ಆ ಗಂಟನ್ನು ಒಣಗಿಸುತ್ತಿತ್ತು. ರೊಟ್ಟಿ ಕಾಯುತ್ತಿದ್ದದ್ದು ಅರಿವೆಯಲ್ಲ, ಒಲೆ. ಧಾರವಾಡದ ಮನೆಗಳಲ್ಲಿ ಕಟ್ಟಿಗೆಯ ಒಲೆ ಎಲ್ಲಿದೆ? ಅದನ್ನು ಅವಳಿಗೆ ಹೇಳಿದೆ.

"ಇದನ್ನ ಮೊದಲ ಹೇಳಬೇಕಿತ್ರಿ."

"ಮೊದಲ ನೆನಪಾಗಲಿಲ್ಲ."

"ಬೈಯೂದೊಂದ ನೆನಪ ಇರತೈತಿ ನಿಮಗ."

ಕಟ್ಟೆ ನನ್ನ ಬಳಿಯೇ ಉಳಿಯಿತು. ಧಾರವಾಡದಿಂದ ಬಂದ ಕ್ಯಾರಿಬ್ಯಾಗುಗಳನ್ನು ತೊಳೆದು ಒಣಗಿಸಿ, ಮಡಚಿ, ನಾನು ಕಟ್ಟೆಯ ಮೇಲೆ ಹಾಸಿಕೊಳ್ಳುವ ಕೌದಿಯ ಕೆಳಗೆ ಇಟ್ಟೆ. ಗೆದ್ದವಳಿಗೆ ಅಷ್ಟಾದರೂ ಬೇಡವೇ?

ಆದರೆ ದೇಹ ಎಂಬುದು ಮಾತು ಕೇಳುವುದಿಲ್ಲ. ದೀಪಾವಳಿ ದಾಟಿದ ಮೇಲೆ ಮೊಣಕಾಲು ಬಾತು ನಾನು ಒಳಗೆ ಬಿದ್ದುಕೊಂಡೆ. ಒಲೆಗೆ ಓಣಿಯ ಇನ್ನೊಬ್ಬಳನ್ನು ಕೂಲಿಗೆ ಕರೆದು, ಸೊಸೆ ಕಟ್ಟೆಗೆ ಬಂದಳು. ಬಂದ ಮೊದಲ ದಿನವೇ ಹೊಸ ಕಾಯಿದೆ. ಸ್ಟೀಲಿನ ಡಬ್ಬಿ ತರಬೇಕು, ಮುಚ್ಚಳ ಬಿಗಿ ಇರಬೇಕು. ಡಬ್ಬಿ ಇಲ್ಲ, ರೊಟ್ಟಿ ಇಲ್ಲ. ಪ್ಲಾಸ್ಟಿಕ್ಕೂ ಬೇಡ, ಅರಿವೆಯೂ ಬೇಡ. ಸೋತದ್ದನ್ನು ಅವಳು ಹೀಗೆ ಅಗಿದು ನುಂಗಿದ್ದಳು.

ಒಳಗೆ ಮಲಗಿ ನಾನು ಎಲ್ಲ ಕೇಳಿಸಿಕೊಂಡೆ. ಅಕಾಲದ ಮಳೆ ಹಿಡಿದಿದ್ದ ಒಂದು ದಿನ, ಮಗನನ್ನು ಎತ್ತಿ ಆಡಿಸಿದ್ದ ಹಳೆಯ ಗಿರಾಕಿ ಕಾಕಾ ಒಬ್ಬರು ಬಂದರು.

"ಏ ತಂಗಿ, ಇವತ್ತೊಂದ ದಿನ ಪೇಪರ ಹಾಳ್ಯಾಗಾರ ಕಟ್ಟಿ ಕೊಡು. ನಾಳಿಂದ ಡಬ್ಬಿ ತರತೇನಿ."

"ನಾಳಿನ ಬರ್ರಿ ಹಂಗಾರ, ಕಾಕಾ. ಡಬ್ಬಿ ಜೋಡಿ."

"ಮಳ್ಯಾಗ ಇಷ್ಟ ದೂರ ಬಂದೇನಿ."

"ಮಳಿ ಬರತೈತಂತ ಛತ್ರಿ ತಂದೀರಿ. ರೊಟ್ಟಿ ಬೇಕಂತ ಡಬ್ಬಿ ತರಾಕ ಏನಾಗಿತ್ರಿ?"

ಕಾಕಾ ಮತ್ತೆ ಬರಲಿಲ್ಲ. ಧಾರವಾಡ ಕಡೆ ಒಯ್ಯುತ್ತಿದ್ದ ಹಾಸ್ಟೆಲ್ ಹುಡುಗರು ಬಿಟ್ಟರು. ಗಿರಾಕಿ ಅರ್ಧ ಆಯಿತು. ಉಳಿದವರು ಬೈದುಕೊಳ್ಳುತ್ತ ಡಬ್ಬಿ ತಂದರು. ನಮ್ಮ ಮನೆಯ ಡಬ್ಬಿಗಳನ್ನು ಕಡ ಒಯ್ದವರು ತಿರುಗಿ ಕೊಡಲಿಲ್ಲ. ರೊಟ್ಟಿ ಮಾತ್ರ, ಸುಳ್ಳು ಹೇಳಬಾರದು, ಡಬ್ಬಿಯಲ್ಲಿ ಖಡಕ್ಕಾಗಿಯೇ ಇರುತ್ತಿತ್ತು.

ಬಿಸಿಲು ಬಂದು ಮೊಣಕಾಲು ಇಳಿದ ಮೇಲೆ ನಾನು ಕೋಲು ಊರಿಕೊಂಡು ಬಂದು ಕಟ್ಟೆಯ ಮೇಲೆ ಕೂತೆ. ಸೊಸೆ ಎದ್ದು ಒಳಗೆ ಹೋದಳು. ಪಂದ್ಯದ ಮಾತು ಅವಳಿಗೆ ನೆನಪಿತ್ತು. ಡಬ್ಬಿಯ ಕಾಯಿದೆಯನ್ನು ನಾನು ಬಾಯಲ್ಲಿ ತೆಗೆಯಲಿಲ್ಲ. ಯಾರಾದರೂ ಬರಿಗೈಯಲ್ಲಿ ಬಂದರೆ ಸುತ್ತ ನೋಡಿ ಕೌದಿಯ ಕೆಳಗಿನಿಂದ ಒಂದು ಧಾರವಾಡದ ಚೀಲ ಎಳೆದು ಕೊಡುತ್ತಿದ್ದೆ. ಗಿರಾಕಿ ಮೆಲ್ಲಗೆ ತಿರುಗಿ ಬರತೊಡಗಿದರು. ಹೀಗೆ ಯುಗಾದಿ ದಾಟಿತು.

ಆಗ ಹತ್ತಿರದ ಸುಳ್ಳ ಎಂಬ ಹಳ್ಳಿಯಿಂದ ನನ್ನ ತಂಗಿ ಬಂದಳು. ಅವಳ ಬಲಗೈ ಮುರಿದು ಕಟ್ಟು ಹಾಕಿತ್ತು. ಮನೆಗೆ ಬೀಗರು ಬರುವವರಿದ್ದರು, ರೊಟ್ಟಿ ಬಡಿಯುವ ಹಾಗಿರಲಿಲ್ಲ. ರೊಟ್ಟಿಗೆ ಬದಲಾಗಿ ಹೊಲದ ಜೋಳದ ಒಂದು ಸಣ್ಣ ಮೂಟೆ ತಂದಿದ್ದಳು. ರೊಟ್ಟಿಯ ಅಡಕಲು ಎತ್ತಿಕೊಂಡು ಸೊಸೆ ಬಾಗಿಲಿಗೆ ಬಂದಳು.

"ಡಬ್ಬಿ ಎಲ್ರಿ ಸಣ್ಣತ್ತಿ?"

"ತಂದಿಲ್ಲವಾ. ಮುರದ ಕೈ, ಹೆಂಗ ಹೊತ್ತ ತರಲಿ?"

"ಜ್ವಾಳ ತಂದೀರಲ್ರಿ."

"ಅದನ್ನ ಬಸ್ಸಿನ ಕಂಡಕ್ಟರ ಇಳಿಸಿ ಕೊಟ್ಟ."

"ಡಬ್ಬಿನೂ ಇಳಿಸಿ ಕೊಡತಿದ್ದ."

"ಮನ್ಯಾಂದ ಒಂದ ಡಬ್ಬಿ ಕೊಡವಾ, ಕಳಸ್ತೇನಿ."

"ಹೋದ ವರ್ಷ ಒಯ್ದ ಎರಡ ಡಬ್ಬಿ ಇನ್ನೂ ಸುಳ್ಳದಾಗ ಅದಾವ್ರಿ. ಅವು ಬರ್ಲಿ ಮೊದಲ."

ಕಟ್ಟೆಯ ಸುತ್ತ ಗಿರಾಕಿಗಳಿದ್ದರು. ತಂಗಿಯ ಮುಖ ಸಣ್ಣಗಾಯಿತು. ನನ್ನ ಕಡೆ ತಿರುಗಿ, "ಯಕ್ಕಾ, ನೀ ಇದ್ದೂ ಹಿಂಗಾ?" ಎಂದಳು. ತಂಗಿಯ ಮೇಲೆ ನನಗೆ ಅಂಥ ಪ್ರೀತಿ ಏನಿಲ್ಲ, ಸಣ್ಣಂದಿನಿಂದ ಅವಳು ಕಸಿದು ತಿನ್ನುವವಳು. ಆದರೆ ನಾನು ಕಟ್ಟೆಯ ಮೇಲೆ ಕೂತಿದ್ದೆ. ಕೂತವಳ ಮಾತು ನಡೆಯಬೇಕು. ಎಲ್ಲರ ಎದುರೇ ಕೌದಿಯ ಕೆಳಗೆ ಕೈ ಹಾಕಿ, ಸೀರೆ ಅಂಗಡಿಯ ದೊಡ್ಡ ಚೀಲ ತೆಗೆದು ಅವಳ ಕೈಗೆ ಕೊಟ್ಟೆ.

"ಹಾಕ್ಕೊ. ಯಾವಾಕಿ ಏನಂತಾಳ ನೋಡೋಣು."

ಸೊಸೆ ರೊಟ್ಟಿಯ ಅಡಕಲು ಒಳಗಿಟ್ಟು ಬಂದಳು. ಅವಸರ ಮಾಡಲಿಲ್ಲ. ನಾನು ಕೂತಿದ್ದ ಕೌದಿಯ ತುದಿ ಹಿಡಿದು ಜಗ್ಗಿದಳು. ನಾನು ವಾರೆಯಾಗಿ ಗೋಡೆಗೆ ಆತುಕೊಂಡೆ. ಚೀಲಗಳೆಲ್ಲ ಹೊರಗೆ ಬಿದ್ದವು. ಗಾಳಿ ಇತ್ತು. ಕೆಂಪು, ಹಳದಿ, ಬಿಳಿ ಎಲ್ಲ ಕಟ್ಟೆಯ ಮೇಲಿಂದ ಹಾರಿ ಗಿರಾಕಿಗಳ ಕಾಲಿಗೆ ಸುತ್ತಿಕೊಂಡವು, ಕೆಲವು ಗಟಾರಕ್ಕೆ ಇಳಿದವು. ಯಾರೋ ನಕ್ಕರು.

"ಧಾರವಾಡದವು," ಎಂದಳು ಸೊಸೆ. "ನನ್ನ ರೊಟ್ಟಿ ಹೊಳ್ಳಿ ಬಂದ ಚೀಲ. ಇವನ್ನ ತೊಳದ ಇಟಗೊಂಡೀರಿ, ಅತ್ತಿ?"

ಬಗ್ಗಿ ಒಂದೊಂದನ್ನೇ ಆರಿಸಿದಳು. ಗಟಾರಕ್ಕೆ ಕೈ ಹಾಕಿ ತೆಗೆದಳು. ತಂಗಿಯ ಕೈಯಲ್ಲಿದ್ದದ್ದನ್ನೂ ಇಸಿದುಕೊಂಡಳು. ಎಲ್ಲ ಮುದ್ದೆ ಮಾಡಿ ಹಿಡಿದು ನನ್ನ ಮುಂದೆ ನಿಂತಳು.

"ಒಳಗ ನಡೀರಿ."

"ಯಾರಿಗೆ ಅನ್ನಾಕತ್ತಿ? ಪಂದ್ಯಾ ಮರತಿಯೇನ?"

"ನೆನಪೈತಿ. ಬಾಯಾಗ ಬರಬಾರದು ಅಂದಿದ್ರಿ. ಬಾಯಾಗ ತಂದಿಲ್ಲ. ಕುಂಡ್ರತೇನಿ ಅಷ್ಟ. ನಡೀರಿ, ಹಂಚ ಖಾಲಿ ಕಾಯಾಕತ್ತೇತಿ."

ಮಗ ಬಾಗಿಲ ಬಳಿ ಟೆಂಪೋ ಒರೆಸುತ್ತಿದ್ದ. ಲೇ, ನಿನ್ನ ಹೆಂಡ್ತಿ ಏನಂದಳು ಕೇಳಿದಿಯಾ ಎಂದೆ. "ಕೇಳೇನಬೇ ಅವ್ವಾ," ಎಂದ. ಮತ್ತೆ ಗಾಜು ಒರೆಸಿದ.

ನಾನು ಕೋಲು ಹುಡುಕಿಕೊಂಡು ಒಳಗೆ ಹೋದೆ. ನನ್ನ ಅತ್ತೆಯ ಹಾಗೆ ಕೂಗಲಿಲ್ಲ. ಕೂಗಿದರೆ ಕಟ್ಟೆಯ ಮೇಲಿದ್ದವಳಿಗೆ ಎಷ್ಟು ಕೇಳಿಸುತ್ತದೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತಂಗಿ ಜೋಳವನ್ನು ಅಲ್ಲೇ ಬಿಟ್ಟು, ಬರಿಗೈಯಲ್ಲಿ ಬಸ್ಸು ಹತ್ತಿದಳು. ಮರುದಿನ ಸೊಸೆ ಹೊಸ ಡಬ್ಬಿ ತುಂಬ ರೊಟ್ಟಿ ಹಾಕಿ ಮಗನನ್ನು ಸುಳ್ಳಕ್ಕೆ ಅಟ್ಟಿದಳು. ಅವನು ಅಲ್ಲೇ ರೊಟ್ಟಿ ಸುರಿದು, ಹಳೆಯ ಎರಡು ಡಬ್ಬಿಗಳನ್ನೂ ಸೇರಿಸಿ ಮೂರನ್ನೂ ತಿರುಗಿ ತಂದ. ಕಳಿಸಿದ್ದು ರೊಟ್ಟಿ ಮುಟ್ಟಿಸಲೋ ಡಬ್ಬಿ ವಸೂಲಿಗೋ, ನಾನು ಕೇಳಲಿಲ್ಲ. ತಂಗಿ ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಸೊಸೆಯ ಜೊತೆ ಫೋನಿನಲ್ಲಿ ಮಾತಾಡುತ್ತಾಳೆ.

ಈ ಮಳೆಗಾಲ ಗಟಾರ ಮತ್ತೆ ಕಟ್ಟಿತು. ನೀರು ಹೊಸ್ತಿಲು ದಾಟಿ ನಡುಮನೆಗೆ ಬಂತು. ಹಿಟ್ಟಿಗೆ ಏನೂ ಆಗಲಿಲ್ಲ. ಅದಕ್ಕೆ ಕಾರಣ ಚೀಲ ಬಿಟ್ಟದ್ದಲ್ಲ. ಹಿಟ್ಟನ್ನು ಈಗ ಡಬ್ಬಗಳಲ್ಲಿ ತುಂಬಿ ಅಟ್ಟದ ಮೇಲೆ ಇಡುತ್ತೇವೆ, ಅಷ್ಟೇ. ಸೊಸೆ ಸೀರೆ ಎತ್ತಿ ಕಟ್ಟಿ, ಸಲಾಕೆ ಹಿಡಿದು, ಮೊಣಕಾಲ ತನಕ ಹೊಲಸಿನಲ್ಲಿ ನಿಂತು ಕೆದಕಿದಳು. ಹಾಲಿನ ಪ್ಯಾಕೆಟ್ಟು, ಚಿಪ್ಸಿನ ಪ್ಯಾಕೆಟ್ಟು, ಕ್ಯಾರಿಬ್ಯಾಗು, ಗುಟ್ಕಾದ ಚೀಟಿ. ಒಂದೊಂದನ್ನೂ ಎತ್ತಿ, ಅಂಚು ನೋಡಿ, ಬದಿಗೆ ಒಗೆದಳು. ನಾನು ಒಲೆ ಬಿಟ್ಟು ಬಾಗಿಲಿಗೆ ಬಂದು ನಿಂತೆ.

"ನೋಡ್ರಿ ಅತ್ತಿ. ಇಷ್ಟರಾಗ ನಮ್ಮದು ಒಂದೂ ಇಲ್ಲ."

"ಗಟಾರಕ್ಕ ಅದು ಗೊತ್ತಿಲ್ಲಲ್ಲ. ನೀರಂತೂ ಒಳಗ ಬಂತು."

ಅವಳು ಸಲಾಕೆ ಊರಿ ಸೊಂಟ ನೆಟ್ಟಗೆ ಮಾಡಿದಳು. ಮುಖಕ್ಕೆಲ್ಲ ಕೆಸರು ಸಿಡಿದಿತ್ತು.

"ಬರ್ಲಿ ಬಿಡ್ರಿ. ಮಂದಿ ಹೊಲಸು ಬಳೀತೇನಿ, ನಿಮ್ಮದು ಬಳಿಯೂದು ತಪ್ಪೇತಿ. ಹೋಗ್ರಿ ಒಳಗ, ರೊಟ್ಟಿ ಸೀದ ವಾಸನಿ ಬರಾಕತ್ತೇತಿ."

ಹೋದೆ. ರೊಟ್ಟಿ ಒಂದು ಮಗ್ಗಲು ಸೀದು ಕರಿಯಾಗಿತ್ತು. ತಿರುವಿ ಹಾಕಿ, ಒದ್ದೆ ಅರಿವೆಯಿಂದ ಒರೆಸಿ, ಅದನ್ನು ಅವಳ ಪಾಲಿಗೆ ಎತ್ತಿಟ್ಟೆ.